ಹುಟ್ಟುದೋಷದ ನಾಣ್ಯಗಳು

ಟಂಕಸಾಲೆಯಲ್ಲಿ ಅಚ್ಚೊತ್ತುವಾಗಲೇ ತಪ್ಪಿ ಹೊರಬಿದ್ದ ನಾಣ್ಯ ಒಂದು. ಜನರ ಕೈಗೆ ಬಂದ ಮೇಲೆ ಪೆಟ್ಟು ತಿಂದು ಕೆಟ್ಟ ನಾಣ್ಯ ಇನ್ನೊಂದು. ಮೇಲುನೋಟಕ್ಕೆ ಇವೆರಡೂ ಒಂದೇ ಬಗೆಯಾಗಿ ಕಾಣುವುದುಂಟು. ಎರಡರ ಮುಖವೂ ವಿಕಾರವಾಗಿರುತ್ತದೆ. ಎರಡನ್ನೂ ಅಂಗಡಿಯವನು ತಿರುಗಿಸಿ ತಿರುಗಿಸಿ ನೋಡಿ, “ಬೇರೆ ಕೊಡಿ” ಎನ್ನುತ್ತಾನೆ. ಆದರೆ ನಾಣ್ಯಸಂಗ್ರಾಹಕರ ನಡುವೆ ಮೊದಲನೆಯದಕ್ಕೆ ಮರ್ಯಾದೆಯುಂಟು, ಎರಡನೆಯದಕ್ಕೆ ಕವಡೆಯ ಕಿಮ್ಮತ್ತೂ ಇಲ್ಲ. ಇವುಗಳ ಭೇದವನ್ನು ಗುರುತಿಸುವುದು ಹೇಗೆಂಬುದೇ ಪ್ರಕೃತ ಲೇಖನದ ವಿಷಯ.

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತೆಂದು ಸಹಪಾಠಿ ಮಿತ್ರರು ಕೇಳುವುದುಂಟು. ನಮ್ಮ ತಂದೆಯವರದು ಬಸ್ ನಿಲ್ದಾಣದ ಮಗ್ಗುಲಲ್ಲಿ ಒಂದು ಪೆಟ್ಟಿಗೆ ಅಂಗಡಿ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕತ್ತಲಲ್ಲಿಯೂ ಬೆರಳಿನಿಂದ ಸವರಿ, ಇದು ಒಂದರದು, ಇದು ಎರಡರದು ಎಂದು ಹೇಳಬಲ್ಲರು. ರಾತ್ರಿ ಗಲ್ಲಾದ ಚಿಲ್ಲರೆಯನ್ನು ಎಣಿಸಿ ಕಟ್ಟಿಡುವ ಕೆಲಸ ಹೈಸ್ಕೂಲಿನ ದಿನಗಳಿಂದಲೂ ನನ್ನದು. ಸಾವಿರಾರು ನಾಣ್ಯಗಳು ಬೆರಳ ನಡುವೆ ಹಾದುಹೋಗುವಾಗ ಎಲ್ಲೋ ಒಂದು ತಡೆದು ನಿಲ್ಲಿಸುತ್ತದೆ. ಅಂಥವನ್ನು ಬೆಂಕಿಪೆಟ್ಟಿಗೆಗಳಲ್ಲಿ ಹಾಕಿಡುತ್ತ ಬಂದೆ. ಈಗ ಮೂರು ಪೆಟ್ಟಿಗೆಗಳಾಗಿವೆ. ಎರಡರ ತುಂಬ ಇರುವುದು ಬರಿಯ ಪೆಟ್ಟು ತಿಂದ ನಾಣ್ಯಗಳು. ಹೋಲಿಸಿ ನೋಡುವುದಕ್ಕೆ ಬೇಕೆಂದು ಇಟ್ಟುಕೊಂಡವು. ಮೂರನೆಯದರಲ್ಲಿ ಮಾತ್ರ, ಅದೂ ಅರ್ಧದಷ್ಟು, ಟಂಕಸಾಲೆಯ ನಿಜವಾದ ತಪ್ಪುಗಳಿವೆ. ನಾಣ್ಯವನ್ನು ಹಾಳುಮಾಡುವ ಕೈಗಳು ಎಷ್ಟು, ತಪ್ಪಿ ಅಚ್ಚೊತ್ತುವ ಯಂತ್ರಗಳು ಎಷ್ಟು ಎಂಬುದನ್ನು ಯೋಚಿಸಿದರೆ ಈ ಪ್ರಮಾಣದಲ್ಲಿ ಆಶ್ಚರ್ಯವಿಲ್ಲ.

ನಾಣ್ಯ ಹುಟ್ಟುವ ಬಗೆಯನ್ನು ತಿಳಿಯದೆ ಅದರ ಹುಟ್ಟುದೋಷವನ್ನು ತಿಳಿಯುವುದು ಸಾಧ್ಯವಿಲ್ಲ. ಟಂಕಸಾಲೆಗೆ ನಮ್ಮ ಹಳೆಯ ಮಾತು ಕಮ್ಮಟ. ಬಸವಣ್ಣನವರ ವಚನಗಳನ್ನು ಓದಿದವರಿಗೆ ಈ ಪದ ಹೊಸದಲ್ಲ. ಇಂದಿನ ಕಮ್ಮಟದಲ್ಲಿ ಮೊದಲು ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ, ನಮ್ಮ ಮನೆಗಳಲ್ಲಿ ಲಟ್ಟಿಸಿದ ಹಿಟ್ಟನ್ನು ಬಟ್ಟಲಿನ ಬಾಯಿಂದ ಒತ್ತಿ ಪೂರಿ ಕತ್ತರಿಸುವಂತೆಯೇ. ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಯಿಸಿ ಮೆದುಮಾಡುತ್ತಾರೆ, ತೊಳೆದು ಹೊಳಪು ಕೊಡುತ್ತಾರೆ. ಆಮೇಲೆ ಒಂದು ಯಂತ್ರದ ಇಕ್ಕಟ್ಟಿನ ದಾರಿಯಲ್ಲಿ ಅವನ್ನು ಉರುಳಿಸುತ್ತಾರೆ. ಸುತ್ತಲಿನ ಒತ್ತಡಕ್ಕೆ ಬಿಲ್ಲೆಯ ಅಂಚು ಕಟ್ಟೆಯಂತೆ ಎದ್ದು ನಿಲ್ಲುತ್ತದೆ. ಕೊನೆಯದೇ ಅಚ್ಚೊತ್ತುವ ಕೆಲಸ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬಿಲ್ಲೆ. ಬಿಲ್ಲೆಯ ಸುತ್ತ ಅದು ಹರಡದಂತೆ ಹಿಡಿದಿಡುವ ಉಕ್ಕಿನ ಬಳೆ. ಹತ್ತಾರು ಟನ್‌ಗಳ ಭಾರದಿಂದ ಮೇಲಚ್ಚು ಎರಗಿದಾಗ ಎರಡು ಮುಖಗಳೂ ಬದಿಯೂ ಒಂದೇ ಕ್ಷಣದಲ್ಲಿ ರೂಪುಗೊಳ್ಳುತ್ತವೆ. ಬದಿಯಲ್ಲಿ ಹಲ್ಲುಹಲ್ಲಾದ ಗೀರುಗಳಿದ್ದರೆ ಅವೂ ಸಾಧಾರಣವಾಗಿ ಈ ಬಳೆಯ ಒಳಮೈಯಿಂದ ಬಂದವು. ಯಂತ್ರ ನಿಮಿಷಕ್ಕೆ ನೂರಾರು ನಾಣ್ಯಗಳನ್ನು ಉದುರಿಸುತ್ತದೆ. ತಪ್ಪಿದವನ್ನು ಟಂಕಸಾಲೆಯವರೇ ಆರಿಸಿ ತೆಗೆಯುತ್ತಾರೆ; ಕಣ್ತಪ್ಪಿಸಿ ಚೀಲ ಸೇರಿದ ಕೆಲವು ಮಾತ್ರ ಬ್ಯಾಂಕಿಗೆ, ಅಲ್ಲಿಂದ ಗಲ್ಲಾಕ್ಕೆ ಬರುತ್ತವೆ.

ನಮ್ಮ ದೇಶದ ನಾಣ್ಯಗಳು ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಈ ನಾಲ್ಕು ಕಡೆ ಅಚ್ಚಾಗುತ್ತವೆ. ಬೆಂಗಳೂರಿನಲ್ಲಿದ್ದ ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿಯೇ ನಿಂತಿತು. ಇಸವಿಯ ಕೆಳಗೆ ವಜ್ರದಾಕಾರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಈ ಚುಕ್ಕೆಯನ್ನೇ ದೋಷವೆಂದು ಭಾವಿಸಿ ನನಗೆ ತಂದು ತೋರಿಸಿದವರು ಒಬ್ಬಿಬ್ಬರಲ್ಲ.

ಇಷ್ಟು ತಿಳಿದ ಮೇಲೆ ಯಾವ ವಿಕಾರ ನಾಣ್ಯವನ್ನು ಕಂಡರೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಅಚ್ಚು ಬೀಳುವ ಮೊದಲು ಅಥವಾ ಬೀಳುವಾಗ ಆದದ್ದೋ, ಬಿದ್ದ ಮೇಲೆ ಆದದ್ದೋ? ನಾಣ್ಯ ಬಳೆಯಿಂದ ಹೊರಬಿದ್ದ ನಂತರ ಅದಕ್ಕೆ ಏನಾದರೂ ಅದು ಕೇಡು. ಅದಕ್ಕೆ ಮುಂಚೆ ಆದದ್ದು ಮಾತ್ರ ದೋಷ. ದೋಷವೆನ್ನುವವನು ಅದು ಯಂತ್ರದಲ್ಲಿ ಹೇಗಾಯಿತೆಂದು ವಿವರಿಸಬಲ್ಲವನಾಗಬೇಕು. ವಿವರಿಸಲಾರದೆ “ಎಲ್ಲಿಯೂ ಇಂಥದ್ದನ್ನು ಕಂಡಿಲ್ಲ, ಆದ್ದರಿಂದ ಅಪೂರ್ವ” ಎಂದರೆ ಅದು ವಾದವಲ್ಲ. ಎತ್ತಿನಗಾಡಿಯ ಚಕ್ರಕ್ಕೆ ಸಿಕ್ಕ ನಾಣ್ಯದಂಥದ್ದೂ ಇನ್ನೊಂದಿರಲಾರದು.

ಸುಲಭವಾದ ಪರೀಕ್ಷೆಯಿಂದ ಆರಂಭಿಸೋಣ. ಒಂದು ರೂಪಾಯಿಯ ಮೇಲೆ ಅಂಚಿನಿಂದ ಅಂಕಿಯವರೆಗೆ ಕೂದಲೆಳೆಯಂಥ ಗೆರೆಯೊಂದಿದೆಯೆನ್ನೋಣ. ಅದು ಉಬ್ಬೋ, ತಗ್ಗೋ? ಭೂತಗನ್ನಡಿಯಿಲ್ಲದಿದ್ದರೆ ಉಗುರಿನ ತುದಿಯೇ ಸಾಕು. ಅಚ್ಚು ಗಟ್ಟಿ ಉಕ್ಕಿನದಾದರೂ ಲಕ್ಷಾಂತರ ಪೆಟ್ಟುಗಳಿಗೆ ಒಂದು ದಿನ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಅಚ್ಚು ಎರಗಿದಾಗ ಬಿಲ್ಲೆಯ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ. ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ನಿಲ್ಲುತ್ತದೆ. ಅಚ್ಚಿನಲ್ಲಿ ತಗ್ಗಾದದ್ದು ನಾಣ್ಯದಲ್ಲಿ ಉಬ್ಬು, ಅಚ್ಚಿನಲ್ಲಿ ಉಬ್ಬಾದದ್ದು ನಾಣ್ಯದಲ್ಲಿ ತಗ್ಗು. ಆದರೆ ಮೊಳೆಯೋ ಕಲ್ಲೋ ಗೀರಿದ ಗೆರೆ ನಾಣ್ಯದೊಳಗೆ ಇಳಿದಿರುತ್ತದೆ. ನೇಗಿಲ ಸಾಲಿನ ಎರಡು ಬದಿಗೂ ಮಣ್ಣು ಏಳುವಂತೆ ಅದರ ಎರಡು ದಡಗಳಲ್ಲಿಯೂ ಲೋಹ ಒತ್ತರಿಸಿಕೊಂಡು ನಿಂತಿರುತ್ತದೆ. ಮೊಳೆಯಿಂದ ಉಬ್ಬುಗೆರೆ ಎಳೆಯುವುದು ಸಾಧ್ಯವಿಲ್ಲ. ಲೋಹವನ್ನು ತೆಗೆಯಬಹುದೇ ಹೊರತು ಸೇರಿಸಲಾಗದು. ಅಚ್ಚಿನ ಅಂಚಿನ ಒಂದು ತುಂಡೇ ಉದುರಿಹೋದರೆ ಆ ಜಾಗದಲ್ಲಿ ನಾಣ್ಯದ ಮೇಲೆ ಅಕ್ಷರಗಳಿಲ್ಲದ ಒಂದು ಗಡ್ಡೆ ಎದ್ದಿರುತ್ತದೆ. ನನ್ನ ಮೂರನೆಯ ಬೆಂಕಿಪೆಟ್ಟಿಗೆಯಲ್ಲಿ ಬಿರುಕಿನವೇ ಹೆಚ್ಚು. ಇವು ಅಷ್ಟೇನೂ ಅಪರೂಪವಲ್ಲವೆಂದೂ ಈ ಸಂದರ್ಭದಲ್ಲಿಯೇ ಹೇಳಿಬಿಡಬೇಕು. ನಿಜವಾದ ದೋಷವಾದ ಮಾತ್ರಕ್ಕೆ ಬೆಲೆ ಬಂತೆಂದು ಅರ್ಥವಲ್ಲ.

ಅಕ್ಷರ ಕಾಣೆಯಾದ ನಾಣ್ಯಗಳಿಗೂ ಇದೇ ನ್ಯಾಯವನ್ನು ಸ್ವಲ್ಪ ಬದಲಿಸಿ ಅನ್ವಯಿಸಬಹುದು. ಅಚ್ಚಿನ ಅಕ್ಷರದ ಕುಳಿಯಲ್ಲಿ ಜಿಡ್ಡು, ಧೂಳು ತುಂಬಿಕೊಂಡರೆ ಅಲ್ಲಿಗೆ ಲೋಹ ನುಗ್ಗಲಾರದು. ಇಸವಿಯ ಒಂದು ಅಂಕಿಯೋ ಹೆಸರಿನ ಒಂದು ಅಕ್ಷರವೋ ಮಸಕಾಗುತ್ತದೆ ಅಥವಾ ಮಾಯವಾಗುತ್ತದೆ. ಆದರೆ ಆ ಜಾಗದ ಮೈ ಅಕ್ಕಪಕ್ಕದ ಬಯಲಿನಷ್ಟೇ ನುಣುಪಾಗಿರುತ್ತದೆ, ಅದೇ ಮಟ್ಟದಲ್ಲಿರುತ್ತದೆ. ಅರದಿಂದ ಉಜ್ಜಿ ಅಳಿಸಿದ್ದಾದರೆ ಜಾಗ ಕುಗ್ಗಿರುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೇ ದಿಕ್ಕಿನ ಸಣ್ಣ ಗೀರುಗಳು ಮಿನುಗುತ್ತವೆ.

ಅಂಚು ಕಚ್ಚಿಹೋದ ನಾಣ್ಯದ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ ಬಿಲ್ಲೆ ಕತ್ತರಿಸುವ ಉಳಿ ಈಗಾಗಲೇ ಆಗಿರುವ ತೂತಿನ ಮೇಲೆ ಸ್ವಲ್ಪ ಬೀಳುತ್ತದೆ. ಆಗ ಬಿಲ್ಲೆಯ ಒಂದು ಬದಿ ಬಿಲ್ಲಿನಾಕಾರದಲ್ಲಿ ಕಡಮೆಯಾಗುತ್ತದೆ, ಎಲೆಯಂಚನ್ನು ಹುಳು ಮೇದಂತೆ. ಕತ್ತರಿಯಿಂದಲೋ ಅರದಿಂದಲೋ ಇದನ್ನೇ ಅನುಕರಿಸುವವರಿದ್ದಾರೆ. ಆದರೆ ನಿಜವಾದ ಕಚ್ಚುಬಿಲ್ಲೆಗೆ ಕಳ್ಳನಿಗೆ ಹೊಳೆಯದ ಎರಡು ಸಾಕ್ಷಿಗಳಿವೆ. ಒಂದು, ಕಚ್ಚಿನ ಬಳಿಯ ಅಕ್ಷರಗಳು ಆ ಕಡೆಗೆ ಜಗ್ಗಿದಂತೆ, ಹರಡಿದಂತೆ ಇರುತ್ತವೆ. ಅಚ್ಚು ಎರಗಿದಾಗ ಲೋಹ ತೆರವಾದ ಕಡೆಗೆ ಹರಿಯುತ್ತದಷ್ಟೆ. ಕತ್ತರಿಸಿದ ನಾಣ್ಯದಲ್ಲಿಯಾದರೋ ಅಕ್ಷರ ಒಳ್ಳೆಯ ಆಕಾರದಲ್ಲಿದ್ದು ಥಟ್ಟನೆ ತುಂಡಾಗಿರುತ್ತದೆ. ಎರಡನೆಯ ಸಾಕ್ಷಿ ಇನ್ನೂ ಸೂಕ್ಷ್ಮ. ಕಚ್ಚಿನ ನೇರ ಎದುರುಬದಿಯನ್ನು ನೋಡಬೇಕು. ಅಂಚನ್ನು ಎಬ್ಬಿಸುವ ಯಂತ್ರದಲ್ಲಿ ಬಿಲ್ಲೆಯನ್ನು ಎರಡೂ ಕಡೆಯಿಂದ ಒತ್ತಬೇಕು; ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರುಕಡೆಗೂ ಒತ್ತಡ ಬೀಳುವುದಿಲ್ಲ. ಆದ್ದರಿಂದ ಅಲ್ಲಿಯ ಅಂಚುಕಟ್ಟೆ ಸಪ್ಪೆಯಾಗಿ, ಕೆಲವು ವೇಳೆ ಇಲ್ಲವೇ ಇಲ್ಲವೆಂಬಂತೆ ಇರುತ್ತದೆ. ಬಡಗಲ ಬದಿಯಲ್ಲಿ ಕತ್ತರಿ ಹಾಕಿದವನು ತೆಂಕಲ ಬದಿಯ ಅಂಚನ್ನು ತಗ್ಗಿಸಲು ನೆನೆಯುವುದಿಲ್ಲ. ಈ ಸಾಕ್ಷಿ ಎಲ್ಲ ಕಚ್ಚುಬಿಲ್ಲೆಗಳಲ್ಲಿಯೂ ಸ್ಪಷ್ಟವಾಗಿರಲಾರದು. ಇದ್ದರೆ ಮಾತ್ರ ಅದಕ್ಕಿಂತ ಬಲವಾದದ್ದು ಬೇರೆಯಿಲ್ಲ.

ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದೆ ಪಕ್ಕಕ್ಕೆ ಜರುಗಿದ್ದಾಗ ಅಚ್ಚು ಬಿದ್ದರೆ ಚಿತ್ರದ ಒಂದು ಭಾಗ ಮಾತ್ರ ಮೂಡಿ, ಉಳಿದ ಕಡೆ ಬರಿಯ ಲೋಹ ಬಾಲಚಂದ್ರನಂತೆ ಉಳಿಯುತ್ತದೆ. ಇದು ಎರಡು ಮುಖಗಳಲ್ಲಿಯೂ ಹೊಂದಿಕೊಂಡಿರಬೇಕು. ಬಳೆಯ ಹಿಡಿತವೇ ಇಲ್ಲದೆ ನಡುವಿನಲ್ಲಿಯೇ ಅಚ್ಚೊತ್ತಿದರೆ ನಾಣ್ಯ ಅಗಲವಾಗಿ ಹರಡಿ, ಬದಿ ನುಣ್ಣಗಿರುತ್ತದೆ. ಆದರೆ ಅಕ್ಷರಗಳು ಚೊಕ್ಕವಾಗಿಯೇ ಇರುತ್ತವೆ. ರೈಲುಕಂಬಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯವೂ ಅಗಲವಾಗಿರುತ್ತದೆ, ಅದರ ತೂಕವೂ ಮೊದಲಿನಷ್ಟೇ ಇರುತ್ತದೆ. ಆದ್ದರಿಂದ ಇಲ್ಲಿ ತಕ್ಕಡಿ ನೆರವಾಗದು. ಆದರೆ ಅದರ ಅಕ್ಷರಗಳು ಒದ್ದೆ ಬಟ್ಟೆಯಿಂದ ಒರೆಸಿದ ಹಲಗೆಯ ಬರಹದಂತೆ ಒಂದು ದಿಕ್ಕಿಗೆ ಬಳಿದುಕೊಂಡಿರುತ್ತವೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಸಂಗತಿಗೆ ಬರುತ್ತೇನೆ. ಅಚ್ಚೊತ್ತಿದ ನಾಣ್ಯ ಕೆಲವೊಮ್ಮೆ ಹೊರಗೆ ಉದುರದೆ ಒಂದು ಅಚ್ಚಿಗೆ ಅಂಟಿಕೊಂಡುಬಿಡುತ್ತದೆ. ಮುಂದಿನ ಬಿಲ್ಲೆ ಬಂದು ಕೂತಾಗ ಆ ಕಡೆಯಿಂದ ಅದರ ಮೇಲೆ ಎರಗುವುದು ಅಚ್ಚಲ್ಲ, ಅಂಟಿಕೊಂಡ ನಾಣ್ಯ. ಆಗ ಹೊಸ ಬಿಲ್ಲೆಯ ಒಂದು ಮುಖದ ಮೇಲೆ ಕನ್ನಡಿಯಲ್ಲಿ ಕಂಡಂತೆ ಎಡಬಲವಾದ, ಒಳಗಿಳಿದ ಚಿತ್ರ ಮೂಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಬ್ರಾಕೇಜ್ ಎಂದು ಹೆಸರು; ನಾವು ಕನ್ನಡಿಮುದ್ರೆ ಎನ್ನಬಹುದು. ಸಂಗ್ರಾಹಕರು ಬಹಳ ಆಸೆಪಡುವ ದೋಷವಿದು. ಇದನ್ನು ನಕಲು ಮಾಡುವುದೂ ಸುಲಭ: ಎರಡು ನಾಣ್ಯಗಳನ್ನು ಜೋಡಿಸಿ ಕಮ್ಮಾರಸಾಲೆಯ ತಿರುಪಿನ ಇಕ್ಕಳದಲ್ಲಿ ಬಿಗಿದರೆ, ಇಲ್ಲವೆ ಸುತ್ತಿಗೆಯಿಂದ ಬಡಿದರೆ ಒಂದರ ಗುರುತು ಇನ್ನೊಂದರ ಮೇಲೆ ಬೀಳುತ್ತದೆ.

ನಮ್ಮ ಬೀದಿಯಲ್ಲಿ ಹೂ ಮಾರುವ ಅಮ್ಮನೊಬ್ಬರಿಗೆ ಇಂಥದೊಂದು ಐದು ರೂಪಾಯಿ ಸಿಕ್ಕಿತ್ತು. ಮೊಬೈಲಿನಲ್ಲಿ ಯಾರೋ ಇಂಥ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುವುದಾಗಿ ಹೇಳಿದ್ದನ್ನು ಅವರ ಮೊಮ್ಮಗ ತೋರಿಸಿದ. ಫೋನು ಮಾಡಿದ್ದಾಯಿತು. ಅತ್ತಲಿಂದ ಮಾತನಾಡಿದ ಮಹಾಶಯ ಮೊದಲು ನೋಂದಣಿಗೆಂದು, ಆಮೇಲೆ ತೆರಿಗೆಗೆಂದು, ಕೊನೆಗೆ ಹಣ ತಲುಪಿಸುವ ಖರ್ಚಿಗೆಂದು ಮೂರು ಬಾರಿ ಹಣ ಹಾಕಿಸಿಕೊಂಡ. ಚೀಟಿ ಎತ್ತಿ ಮಗಳ ಬಾಣಂತನಕ್ಕೆಂದು ಇಟ್ಟಿದ್ದ ಹಣ ಅದು. ನಾಲ್ಕನೆಯ ದಿನದಿಂದ ಆ ಫೋನು ಮೂಕವಾಯಿತು. ಅದಾದ ಮೇಲೆ ಆ ಅಮ್ಮ ನಾಣ್ಯವನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಮುಂದಿಟ್ಟು, “ನೀನು ಕಾಲೇಜು ಓದಿದವನು, ಇದರ ಬೆಲೆ ಎಷ್ಟು ಹೇಳು ಮಗಾ” ಎಂದರು.

ಆ ನಾಣ್ಯದ ಒಂದು ಮುಖದಲ್ಲಿ ಅಶೋಕಸ್ತಂಭದ ಸಿಂಹಗಳಿದ್ದವು, ಅವು ಜಜ್ಜಿಹೋಗಿದ್ದವು. ಅದರ ಮೇಲೆಯೇ ತಿರುವುಮುರುವಾದ 5ರ ಅಂಕಿ ತಗ್ಗಾಗಿ ಬಿದ್ದಿತ್ತು. ಇದು ಏಕೆ ಕನ್ನಡಿಮುದ್ರೆಯಾಗಲಾರದೆಂಬುದನ್ನು ಯೋಚಿಸಿ ನೋಡಿ. ಅಂಟಿಕೊಂಡ ನಾಣ್ಯ ತನ್ನ ಸಿಂಹದ ಮುಖವನ್ನು ಸಿಂಹದ ಅಚ್ಚಿಗೆ ಅಂಟಿಸಿಕೊಂಡು, 5ರ ಮುಖವನ್ನು ಹೊರಗೆ ತೋರುತ್ತ ನಿಂತಿರುತ್ತದೆ. ಹೊಸ ಬಿಲ್ಲೆಗೆ ಒಂದು ಕಡೆ 5ರ ಅಚ್ಚು, ಇನ್ನೊಂದು ಕಡೆ 5ರ ನಾಣ್ಯ. ಆದ್ದರಿಂದ ನಿಜವಾದ ಪೂರ್ಣ ಕನ್ನಡಿಮುದ್ರೆಯಲ್ಲಿ ಎರಡು ಮುಖಗಳಲ್ಲಿಯೂ ಒಂದೇ ಚಿತ್ರವಿರುತ್ತದೆ: ಒಂದು ಕಡೆ ನೆಟ್ಟಗೆ, ಉಬ್ಬಾಗಿ, ಇನ್ನೊಂದು ಕಡೆ ಎಡಬಲವಾಗಿ, ತಗ್ಗಾಗಿ. ಸಿಂಹದ ಅಚ್ಚು ಆ ಬಿಲ್ಲೆಯನ್ನು ಮುಟ್ಟಿಯೇ ಇರುವುದಿಲ್ಲವಾದ್ದರಿಂದ ಸಿಂಹ ಅಲ್ಲಿಗೆ ಬರಲು ದಾರಿಯೇ ಇಲ್ಲ. ಸಿಂಹವೂ ಇದ್ದು, ಅದೇ ಜಾಗದಲ್ಲಿ ತಗ್ಗಾದ ಅಂಕಿಯೂ ಇದ್ದರೆ, ಮೊದಲು ಒಳ್ಳೆಯ ನಾಣ್ಯವಾಗಿ ಹುಟ್ಟಿ ಆಮೇಲೆ ಇಕ್ಕಳಕ್ಕೆ ಸಿಕ್ಕಿದ್ದೆಂದು ನಿಶ್ಚಯ. ಹಿಂದಿನ ಮುಖ ನೋಡಿದೆ. ಇಕ್ಕಳದ ಬಾಯಿಯ ಅಡ್ಡಗೀರುಗಳು ಅಲ್ಲಿ ಎಣಿಸುವಂತಿದ್ದವು.

ಇದನ್ನೆಲ್ಲ ಆ ಅಮ್ಮನಿಗೆ ಎರಡು ನಾಣ್ಯಗಳನ್ನೂ ಒಂದು ಉಂಡೆ ಗೋಧಿಹಿಟ್ಟನ್ನೂ ಇಟ್ಟುಕೊಂಡು ತೋರಿಸಿದೆ. ಅವರಿಗೆ ಅರ್ಥವಾಯಿತು, ನಮ್ಮಲ್ಲಿ ಕೆಲವರಿಗಿಂತ ಬೇಗನೆ ಅರ್ಥವಾಯಿತೆಂದೇ ಹೇಳಬೇಕು. “ಹಾಗಾದರೆ ಇದು ಅಂಗಡಿಯಲ್ಲಾದರೂ ನಡೆಯುತ್ತದೆಯೇ?” ಎಂದು ಕೇಳಿದರು. 2011ರ ನಾಣ್ಯಗಳ ಕಾಯಿದೆಯಂತೆ ನಾಣ್ಯ ಸಲ್ಲಬೇಕಾದರೆ ಅದು ವಿರೂಪಗೊಂಡಿರಬಾರದು, ತೂಕವೂ ಗೊತ್ತುಪಡಿಸಿದ್ದಕ್ಕಿಂತ ಕುಗ್ಗಿರಬಾರದು. ಲಕ್ಷದ ಮಾತು ಹಾಗಿರಲಿ, ಐದು ರೂಪಾಯಿಯ ಮಾತೂ ಉಳಿಯಲಿಲ್ಲ.

ಹಳೆಯ ನಾಣ್ಯ, ನೋಟುಗಳ ಮಾರಾಟದ ನೆಪದಲ್ಲಿ ತನ್ನ ಹೆಸರು, ಲಾಂಛನಗಳನ್ನು ಬಳಸಿ ಶುಲ್ಕ, ಕಮಿಷನ್, ತೆರಿಗೆಯೆಂದು ಹಣ ಕೇಳುವವರಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದೂ ಇಲ್ಲ, ಇಂಥ ಶುಲ್ಕ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್ ತಿಂಗಳಲ್ಲಿಯೇ ಪ್ರಕಟಣೆ ಹೊರಡಿಸಿದೆ. ಆದರೆ ಪ್ರಕಟಣೆ ಹೂವಿನ ಬುಟ್ಟಿಯವರೆಗೆ ಬರುವುದಿಲ್ಲ, ಫೋನು ಬರುತ್ತದೆ. ಕೊಳ್ಳುವವನು ಮಾರುವವನಿಂದ ಹಣ ಕೇಳುವ ವ್ಯಾಪಾರ ಯಾವ ಸಂತೆಯಲ್ಲಿದೆ? ಇದನ್ನು ನಮ್ಮ ತಂದೆಯವರು ಕೇಳಿದ್ದು. ಅರ್ಥಶಾಸ್ತ್ರದ ಪುಸ್ತಕದಲ್ಲಿ ನನಗೆ ಸಿಕ್ಕಿದ್ದಲ್ಲ.

ಹತ್ತು ರೂಪಾಯಿಯ ಎರಡು ಲೋಹದ ನಾಣ್ಯದ ವಿಚಾರದಲ್ಲಿ ಮೋಸ ಇನ್ನೂ ಹೆಚ್ಚು. ಹಳದಿ ಬಳೆಯ ನಡುವೆ ಬಿಳಿಯ ತಿರುಳು ಕೂಡಿಸಿದ ಈ ನಾಣ್ಯ 2009ರಿಂದ ಬಳಕೆಗೆ ಬಂದಿತು. ತಿರುಳು ಹಿಂದುಮುಂದಾಗಿ ಕೂತ ನಾಣ್ಯವನ್ನು ಮಹಾ ಅಪೂರ್ವವೆಂದು ಮಾರಲು ಹೊರಟವರನ್ನು ನಾನು ಕಂಡಿದ್ದೇನೆ. ತಿರುಳನ್ನು ಬಳೆಯೊಳಗೆ ಕೂಡಿಸುವಾಗ ಎರಡೂ ಬೋಳು ಲೋಹ. ಎರಡರ ಮೇಲೂ ಯಾವ ಚಿತ್ರವೂ ಇರುವುದಿಲ್ಲ. ಅಚ್ಚಿನ ಅದೇ ಪೆಟ್ಟಿಗೆ ಅವು ಬಿಗಿದುಕೊಳ್ಳುವುದೂ ಚಿತ್ರ ಮೂಡುವುದೂ ನಡೆಯುತ್ತವೆ. ಬೋಳು ತಿರುಳಿಗೆ ಹಿಂದು ಯಾವುದು, ಮುಂದು ಯಾವುದು? ಆದ್ದರಿಂದ ಸಿಂಹದ ಸುತ್ತ ಹಿಂಬದಿಯ ಬಳೆ ಕಂಡರೆ ಯಾರೋ ತಿರುಳನ್ನು ತಟ್ಟಿ ತೆಗೆದು ಮಗುಚಿ ಹಾಕಿದ್ದಾರೆಂದೇ ಅರ್ಥ. ತಿರುಳು ನಡುವಿನಿಂದ ಜರುಗಿ ಬಳೆಯ ಮೇಲೆ ಹತ್ತಿ ಕೂತ ನಾಣ್ಯಗಳು ಮಾತ್ರ ನಿಜವಾದ ದೋಷಗಳಾಗಿರಬಹುದು. ಆಗ ಚಿತ್ರದ ಗೆರೆ ಹಳದಿಯಿಂದ ಬಿಳಿಗೆ ತುಂಡಾಗದೆ ದಾಟಿರುತ್ತದೆ. ತಿರುಳೇ ಇಲ್ಲದ ಬಳೆಯೂ ಟಂಕಸಾಲೆಯಿಂದ ಬರಬಹುದು. ಅದರಲ್ಲಿ ತಡೆಯಿಲ್ಲದ ಲೋಹ ಒಳಕ್ಕೆ ಹರಿದು ತೂತಿನ ಅಂಚು ಗುಂಡಗಾಗಿ, ತೂತೇ ಕಿರಿದಾಗಿರುತ್ತದೆ. ತಿರುಳು ಬಿದ್ದುಹೋದ ಬಳೆಯ ತೂತು ಅಳತೆಗೆ ಸರಿಯಾಗಿ, ಕಡಿದಂತೆ ಇರುತ್ತದೆ.

ಎರಡು ಮುಖವೂ ಒಂದೇ ಆದ ನಾಣ್ಯದ ಮೇಲೆ ‘ಶೋಲೆ’ ಚಿತ್ರ ಬಂದ 1975ರಿಂದ ನಮ್ಮ ಜನಕ್ಕೆ ವಿಶೇಷ ಪ್ರೀತಿ. ಟಂಕಸಾಲೆಯಲ್ಲಿ ಹೀಗಾಗುವುದು ಬಹಳ ಅಪರೂಪ. ಸಾಮಾನ್ಯವಾಗಿ ಸಿಗುವವು ಜಾದೂಗಾರರಿಗಾಗಿ ಮಾಡಿದವು: ಒಂದು ನಾಣ್ಯವನ್ನು ಬಟ್ಟಲಿನಂತೆ ಕೊರೆದು, ಇನ್ನೊಂದನ್ನು ತೆಳ್ಳಗೆ ಅರೆದು ಅದರೊಳಗೆ ಕೂಡಿಸುತ್ತಾರೆ. ಅಂಚುಕಟ್ಟೆಯ ಒಳಮಗ್ಗುಲಲ್ಲಿ ಸುತ್ತಲೂ ಕೂದಲೆಳೆಯಂಥ ಸಂದು ಕಾಣುತ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ಟಣ್ ಎನ್ನುವ ಬದಲು ತಟ್ ಎನ್ನುತ್ತದೆ.

ಅನುಕರಿಸಲು ಕಷ್ಟವಾದ ದೋಷವೂ ಒಂದಿದೆ. ಇಂದಿನ ನಮ್ಮ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದರೆ ಹಿಂದಿನ ಮುಖವೂ ನೆಟ್ಟಗೆ ನಿಲ್ಲುತ್ತದೆ. ಒಂದು ಅಚ್ಚು ಸಡಿಲವಾಗಿ ತಿರುಗಿದ್ದರೆ ಹಿಂಬದಿಯ ಚಿತ್ರ ಓರೆಯಾಗಿಯೋ ತಲೆಕೆಳಗಾಗಿಯೋ ಬರುತ್ತದೆ. ಒಂದೇ ಲೋಹದ ನಾಣ್ಯದಲ್ಲಿ ಇದನ್ನು ಸುತ್ತಿಗೆಯಿಂದ ಮಾಡುವುದಾಗದು. ಯಾವ ಸಲಕರಣೆಯೂ ಬೇಡದೆ ಗಲ್ಲಾದ ಮುಂದೆ ಕೂತವರು ಹುಡುಕಬಹುದಾದ ದೋಷವಿದು.

ತಪ್ಪು ಬಿಲ್ಲೆಯ ಮೇಲೆ ಅಚ್ಚೊತ್ತಿದ ನಾಣ್ಯಗಳಿಗೆ ತಕ್ಕಡಿಯೂ ಅಯಸ್ಕಾಂತವೂ ಬೇಕು. ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. ಯುದ್ಧಕ್ಕೆ ತಾಮ್ರ ಬೇಕಾದ್ದರಿಂದ 1943ರಲ್ಲಿ ಅಲ್ಲಿಯ ಒಂದು ಸೆಂಟ್ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಅಚ್ಚೊತ್ತಿದರು. ಹಿಂದಿನ ವರ್ಷದ ಕೆಲವು ಕಂಚಿನ ಬಿಲ್ಲೆಗಳು ಹೇಗೋ ಉಳಿದು ಯಂತ್ರಕ್ಕೆ ಸಿಕ್ಕವು. ಆ ಕೆಲವೇ ನಾಣ್ಯಗಳಿಗಾಗಿ ಉಕ್ಕಿನ ಸೆಂಟಿಗೆ ತಾಮ್ರದ ನೀರು ಕೊಟ್ಟವರೂ, 1948ರ ಎಂಟನ್ನು ಕೆರೆದು ಮೂರು ಮಾಡಿದವರೂ ಹುಟ್ಟಿಕೊಂಡರು. ಉಕ್ಕಿನದು 2.70 ಗ್ರಾಂ, ಅಯಸ್ಕಾಂತಕ್ಕೆ ಅಂಟುತ್ತದೆ, ಕಂಚಿನದು 3.11 ಗ್ರಾಂ, ಅಂಟುವುದಿಲ್ಲ. ಕೆರೆದ ಎಂಟನ್ನು ಮಾತ್ರ ತಕ್ಕಡಿ ಹಿಡಿಯಲಾರದು, ಕಣ್ಣೇ ಹಿಡಿಯಬೇಕು.

ನಮ್ಮ ಐದು ರೂಪಾಯಿಯಲ್ಲಿಯೂ ಇಂಥ ಗೊಂದಲವಿದೆ, ಆದರೆ ಅದು ದೋಷವಲ್ಲ. 1992ರಿಂದ ಬಂದ ದಪ್ಪನೆಯ ತಾಮ್ರ-ನಿಕಲ್ ನಾಣ್ಯ 9 ಗ್ರಾಂ. 2007ರಲ್ಲಿ ಬಂದ ಉಕ್ಕಿನದು 6 ಗ್ರಾಂ. ಆಮೇಲಿನ ಹಳದಿಯದೂ 6 ಗ್ರಾಂ. ಮೂರರ ಅಗಲವೂ 23 ಮಿಲಿಮೀಟರ್. ತೆಳ್ಳನೆಯ ಬಿಳಿ ಐದು ರೂಪಾಯಿ ಕಂಡೊಡನೆ ತಪ್ಪು ಬಿಲ್ಲೆ ಎಂದು ಹಿಗ್ಗುವ ಮೊದಲು ಅಯಸ್ಕಾಂತ ಹಿಡಿದು ನೋಡಬೇಕು. ಹಾಗೆಯೇ 1992ರ ಉಕ್ಕಿನ ಒಂದು ರೂಪಾಯಿಯೂ 2011ರ ಎರಡು ರೂಪಾಯಿಯೂ ಎರಡೂ 25 ಮಿಲಿಮೀಟರ್, 4.85 ಗ್ರಾಂ. ಗಾತ್ರ ಒಂದೇ ಆಯಿತೆಂದು ಟಂಕಸಾಲೆಯವರು ಬಿಲ್ಲೆ ತಪ್ಪಿಸಿದರೆನ್ನಲಾಗದು. ತೂಕ ಕಡಮೆಯಿದ್ದರೆ ಅಗಲವನ್ನೂ ಅಳೆಯಬೇಕು. ಬಿಲ್ಲೆ ಹುಟ್ಟಾ ತೆಳುವಾಗಿದ್ದರೆ ಅಗಲ ಪೂರ್ತಿಯಿದ್ದು ಚಿತ್ರ ಮಸಕಾಗುತ್ತದೆ. ಆಮ್ಲದಲ್ಲಿ ಅದ್ದಿದ್ದಾದರೆ ಅಗಲವೂ ಕುಗ್ಗಿ, ಅಕ್ಷರಗಳು ಚೀಪಿದ ಸಕ್ಕರೆ ಅಚ್ಚಿನಂತಾಗಿರುತ್ತವೆ.

ದೋಷವೂ ಅಲ್ಲದ, ಕೇಡೂ ಅಲ್ಲದ ಇನ್ನು ಕೆಲವನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಮರೆಯಬಾರದು. ನಮ್ಮ ಮನೆಗಳ ಕಾಸಿನ ಡಬ್ಬಿಗಳಲ್ಲಿ ಸಿಗುವ ತೂತುಕಾಸು 1943ರಿಂದ 1947ರವರೆಗೆ ಲೋಹ ಉಳಿಸಲೆಂದು ಬೇಕೆಂದೇ ತೂತು ಬಿಟ್ಟು ಅಚ್ಚೊತ್ತಿದ್ದು; ತೂತಿನ ಸುತ್ತ ಚಿತ್ರ ಹೊಂದಿಕೊಂಡಿರುವುದನ್ನು ನೋಡಿದರೆ ತಿಳಿಯುತ್ತದೆ. ಟಿಪ್ಪುವಿನ ಆನೆಯ ತಾಮ್ರದ ಕಾಸಿನಲ್ಲಿ ಆನೆಯ ಬಾಲವೋ ಸೊಂಡಿಲೋ ಅಂಚಿನಾಚೆ ಹೋಗಿರುವುದು ಸಾಮಾನ್ಯ. ಕೈಯಲ್ಲಿ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಅಚ್ಚೊತ್ತುತ್ತಿದ್ದ ಕಾಲದಲ್ಲಿ ಪ್ರತಿಯೊಂದು ನಾಣ್ಯವೂ ಒಂದಿಷ್ಟು ಜರುಗಿದ್ದೇ. ಅದನ್ನು ತಪ್ಪೆಂದರೆ ಇಡೀ ಶ್ರೀರಂಗಪಟ್ಟಣದ ಕಮ್ಮಟವೇ ತಪ್ಪಾಗುತ್ತದೆ. 1787ರಿಂದ ಅವನು ಬಳಸಿದ ಮೌಲೂದಿ ಶಕೆಯ ಅಂಕಿಗಳನ್ನಂತೂ ಬಲದಿಂದ ಎಡಕ್ಕೆ ಓದಬೇಕು. ಎಡದಿಂದ ಓದಿದವನಿಗೆ ಅದು ಇನ್ನೂ ಬಾರದ ಶತಮಾನದ ನಾಣ್ಯ.

ಕೊನೆಯದಾಗಿ ಒಂದು ವ್ಯಾವಹಾರಿಕ ಮಾತು. ದೋಷವಿದೆಯೆಂದು ತೋರಿದ ನಾಣ್ಯವನ್ನು ಹುಣಸೆಹಣ್ಣಿನಿಂದಾಗಲಿ ಬೂದಿಯಿಂದಾಗಲಿ ಉಜ್ಜಬಾರದು. ಮೂಲ ಮೈಯೇ ಅದರ ಸಾಕ್ಷಿ. ಕಾಗದದಲ್ಲಿ ಸುತ್ತಿ, ತೂಕ, ಅಗಲ, ಇಸವಿ, ಟಂಕಸಾಲೆಯ ಗುರುತುಗಳನ್ನು ಅದರ ಮೇಲೆ ಬರೆದಿಡಬೇಕು. ಅದೇ ವರ್ಗದ ಒಳ್ಳೆಯ ನಾಣ್ಯವೊಂದನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು. ನಮ್ಮ ಬೀದಿಯ ಅಕ್ಕಸಾಲಿಗರು ತಮ್ಮ ತಕ್ಕಡಿಯನ್ನು ನನಗೆ ಬಿಟ್ಟುಕೊಡುತ್ತಾರೆ. ಮಿತ್ರರಲ್ಲಿ ಯಾರ ಬಳಿಯಾದರೂ ಅನುಮಾನದ ನಾಣ್ಯಗಳಿದ್ದರೆ ಸಂಜೆ ಆರರ ಮೇಲೆ ನಮ್ಮ ಅಂಗಡಿಗೆ ತರಬಹುದು. ಭಾನುವಾರ ಮಾತ್ರ ಬೇಡ, ಅಂದು ತಕ್ಕಡಿಗೆ ರಜೆ.